ಸುಂಕದ ಕಟ್ಟೆಯಿಂದ ಚೆಕ್‌ಪೋಸ್ಟ್‌ವರೆಗೆ: ಜೂಜುವಾಡಿಯ ಗಡಿಯಲ್ಲಿ ಸರ್ಕಾರ ಮತ್ತು ಸಂತೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಚರ್ಚೆಯ ಭಾಗವನ್ನು ಸೇರಿಸಿದೆ.)

ಗುರುಗಳಿಗೆ, ಸಹಪಾಠಿಗಳಿಗೆ ಮೊದಲೇ ಒಂದು ಮಾತು. ನಾನು ಆರಿಸಿಕೊಂಡ ವಿಷಯ ದೊಡ್ಡದು: ಚೆನ್ನಾಗಿ ನಡೀತಾ ಇರೋ ಒಂದು ಮಾರುಕಟ್ಟೆಯನ್ನು ಸರ್ಕಾರದ ನೀತಿ ಹೇಗೆ ದುರ್ಬಲ ಮಾಡುತ್ತೆ ಅನ್ನೋದು. ಆದರೆ ನಾನು ಅದನ್ನು ನೋಡುವ ಕಿಟಕಿ ಚಿಕ್ಕದು. ನಮ್ಮೂರು ಜೂಜುವಾಡಿ. ಬೆಂಗಳೂರಿನಿಂದ ಹೊಸೂರಿಗೆ ಬಂದವರೆಲ್ಲ ನಮ್ಮೂರನ್ನು ದಾಟಿದ್ದೀರಿ, ಆದರೆ ನಿಂತು ನೋಡಿದವರು ಕಡಿಮೆ. ಅತ್ತಿಬೆಲೆ ದಾಟಿದರೆ ತಮಿಳುನಾಡು ಶುರು, ಅಲ್ಲೇ ಜೂಜುವಾಡಿ. ಮನೇಲಿ ಕನ್ನಡ, ಬೀದೀಲಿ ತೆಲುಗು, ಕಚೇರೀಲಿ ತಮಿಳು. ಲಾರಿಯವರಿಗೆ ಮಾತ್ರ ಬಹುಕಾಲ ನಮ್ಮೂರ ಹೆಸರಿಗೆ ಒಂದೇ ಅರ್ಥ ಇತ್ತು: ಚೆಕ್‌ಪೋಸ್ಟ್.

ಕನ್ನಡದಲ್ಲಿ ಒಂದು ಗಾದೆ ಇದೆ, ನಿಮಗೆಲ್ಲ ಗೊತ್ತಿರೋದೇ: ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ. ನಮ್ಮಜ್ಜಿ ಇದನ್ನು ದಿನಕ್ಕೆರಡು ಸಲ ಹೇಳ್ತಿದ್ದರು. ಈ ಗಾದೆಯಲ್ಲಿ ಸುಂಕ ಜಾಸ್ತಿಯಾಯ್ತು ಅನ್ನೋ ದೂರಿಲ್ಲ. ಸುಂಕದವನಿಗೆ ಕಿವಿ ಇಲ್ಲ ಅನ್ನೋದೇ ಅದರ ದೂರು. ನನ್ನ ವಾದವೂ ಹೆಚ್ಚುಕಡಿಮೆ ಅದೇ. ತೆರಿಗೆ ಹೆಚ್ಚಾದರೆ ವ್ಯಾಪಾರಿ ಲೆಕ್ಕ ಹಾಕಿ, ಬೆಲೆ ಏರಿಸಿ, ಹೇಗೋ ಬದುಕಿಕೊಳ್ತಾನೆ. ನಾಳೆ ದಾರಿ ತೆರೆದಿರುತ್ತೋ ಮುಚ್ಚಿರುತ್ತೋ ಗೊತ್ತಿಲ್ಲದಾಗ, ಹೇಳಿಕೊಳ್ಳೋಕೆ ಯಾರೂ ಇಲ್ಲದಾಗ, ಅವನು ಅಂಗಡಿ ಮುಚ್ಚುತ್ತಾನೆ. ಇದನ್ನು ನಾಲ್ಕು ಸಂದರ್ಭಗಳ ಮೂಲಕ ತೋರಿಸೋಕೆ ಪ್ರಯತ್ನಿಸ್ತೀನಿ.

1. ಪೇಟೆ ಬರಿದಾದ ಕಥೆ

ಮೊದಲನೆಯದು ಬೆಂಗಳೂರು ಪೇಟೆ. ನಮ್ಮ ಭಾಗದ ಸಂತೆಗಳೆಲ್ಲ ಆ ಪೇಟೆಯ ಹೆಗಲಿಗೆ ಜೋತುಬಿದ್ದಿದ್ದವು. 1800ರಲ್ಲಿ, ಅಂದರೆ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದ ಮೇಲೆ ಫ್ರಾನ್ಸಿಸ್ ಬುಕನನ್ ಮದರಾಸಿನಿಂದ ಹೊರಟು ಈ ಸೀಮೆಯನ್ನೆಲ್ಲ ಸುತ್ತಿದ. ಅವನ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯಿತು. ಬೆಂಗಳೂರಿನ ವರ್ತಕರನ್ನು, ನೇಕಾರರನ್ನು ಕೂರಿಸಿಕೊಂಡು ಅವನು ಕೇಳಿದ ವಿವರಗಳು ಅದರಲ್ಲಿವೆ. ಪಶ್ಚಿಮದ ಅಡಿಕೆ, ಮೆಣಸು, ಏಲಕ್ಕಿ, ಶ್ರೀಗಂಧ ಪೇಟೆಗೆ ಬಂದು ಪೂರ್ವಕ್ಕೆ ಇಳೀತಿತ್ತು. ಉತ್ತರದಿಂದ ಹತ್ತಿ, ನೂಲು, ಕಂಬಳಿ ಬರ್ತಿತ್ತು. ಘಟ್ಟದ ಕೆಳಗಿನ ಆರ್ಕಾಟ್ ಸೀಮೆಯಿಂದ, ಮುಖ್ಯವಾಗಿ ವಾಲಾಜಾಪೇಟೆಯ ವರ್ತಕರ ಮೂಲಕ, ಉಪ್ಪು, ತಾಮ್ರ, ತವರ, ಕಚ್ಚಾ ರೇಷ್ಮೆ ಮೇಲಕ್ಕೆ ಹತ್ತುತ್ತಿತ್ತು. ಪಟ್ಟೇಗಾರರು, ಖತ್ರಿಗಳು, ದೇವಾಂಗದವರು ಮಗ್ಗ ನಡೆಸ್ತಿದ್ದರು. ಹೇರೆತ್ತುಗಳ ಬೆನ್ನ ಮೇಲೆ ನಡೀತಿದ್ದ ಲೋಕ ಇದು. ಮಲೆನಾಡಿಗೂ ಕರಾವಳಿಗೂ ನಡುವೆ ಇರೋದೇ ಬೆಂಗಳೂರಿನ ಬಂಡವಾಳ.

ಹೈದರನ ಕಾಲದಲ್ಲಿ ಪೇಟೆ ಸಮೃದ್ಧವಾಗಿತ್ತು ಅಂತ ವರ್ತಕರು ಬುಕನನ್‌ಗೆ ಹೇಳಿದರು. ಆಮೇಲೆ ಏನಾಯ್ತು ಅನ್ನೋದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಎರಡು ನಮಗೆ ಮುಖ್ಯ. ಒಂದು, ಟಿಪ್ಪು ಸುಲ್ತಾನ್ ಆರ್ಕಾಟ್ ಮತ್ತು ಹೈದರಾಬಾದ್ ಎರಡೂ ಸೀಮೆಗಳ ಜೊತೆ ವ್ಯಾಪಾರ ನಿಷೇಧಿಸಿದ. ಎರಡು, ಸರ್ಕಾರದ ಉಗ್ರಾಣದ ಸರಕನ್ನು ಹೆಚ್ಚಿನ ದರಕ್ಕೆ ವರ್ತಕರು ಕೊಳ್ಳಲೇಬೇಕು ಅಂತ ಮಾಡಿದ. ಮೊದಲನೆಯದು ದಾರಿಯನ್ನು ಮುಚ್ಚಿತು. ಎರಡನೆಯದು ದುಡಿಯುವ ಬಂಡವಾಳವನ್ನೇ ತಿಂದುಹಾಕಿತು. ಎರಡೂ ಸೇರಿದಾಗ ಏನಾಗುತ್ತೆ ನೋಡಿ: ಬೇಡದ ಸರಕು ಕೈಯಲ್ಲಿದೆ, ಅದನ್ನು ಮಾರುವ ಹೊರಗಿನ ಪೇಟೆ ಇಲ್ಲ.

ಅಷ್ಟಾದರೂ ಊರಿನಲ್ಲಿ ಜನ ಇದ್ದರು, ಶ್ರೀಮಂತರೂ ಉಳಿದಿದ್ದರು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಮೊದಲು ಪೇಟೆಯನ್ನು, ಎರಡು ವಾರದ ನಂತರ ಕೋಟೆಯನ್ನು ಹಿಡಿದು ಎರಡನ್ನೂ ಲೂಟಿ ಮಾಡಿತು. ಜನ ತಮ್ಮ ಒಡವೆ ವಸ್ತುಗಳನ್ನು ಕೋಟೆಯೊಳಗೆ ಭದ್ರ ಅಂತ ಇಟ್ಟಿದ್ದರು, ಅದೂ ಹೋಯಿತು. ಇಂಗ್ಲಿಷರು ಹೋದ ಮೇಲೆ ಟಿಪ್ಪು, ವಾಪಸ್ ಬನ್ನಿ ಅಂತ ಅಭಯ ಕೊಟ್ಟು ವರ್ತಕರನ್ನು ಕರೆಸಿದ, ಅವರು ಉಳಿದದ್ದನ್ನು ತಂದಾಗ ಶತ್ರುವಿನ ಸ್ನೇಹಿತರು ಅನ್ನೋ ಆರೋಪ ಹೊರಿಸಿ ಅದನ್ನೂ ಕಸಿದುಕೊಂಡ ಅಂತ ಬುಕನನ್ ಬರೀತಾನೆ. 1799ರಲ್ಲಿ ಹ್ಯಾರಿಸ್‌ನ ಸೈನ್ಯ ರಾಯಕೋಟೆ, ಕೆಲಮಂಗಲ, ಆನೇಕಲ್ ದಾರಿಯಾಗಿ, ಅಂದರೆ ನಮ್ಮ ಸೀಮೆ ಮೇಲೇ ಬಂತು. ಆಗ ಊರಿನ ಕಾವಲು ತೆಗೆದರು. ಕಾವಲು ತೆಗೆದ ಕೂಡಲೇ ಜನ ಊರು ಬಿಟ್ಟು ಚದುರಿದರು, ಪೇಟೆ ಕೆಲವು ತಿಂಗಳು ಬರಿದಾಗಿತ್ತು. ಯಾರನ್ನು ನಂಬೋದು ಅಂತ ಅವರಿಗೆ ತಿಳಿಯಲಿಲ್ಲ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣೋದು ಇದೇ. ಲೂಟಿಯಾದ ಮೇಲೂ ವರ್ತಕರು ಒಮ್ಮೆ ವಾಪಸ್ ಬಂದಿದ್ದರು. ಕೊಟ್ಟ ಮಾತು ಮುರಿದ ಮೇಲೆ ಮಾತ್ರ ಓಡಿಹೋದರು.

2. ಆಕರವನ್ನು ಓದುವ ಎಚ್ಚರ

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ಟಿಪ್ಪುವಿನ ಹೆಸರು ಬಂದ ತಕ್ಷಣ ನಮ್ಮಲ್ಲಿ ಎರಡು ಬಣ ಎದ್ದು ನಿಲ್ಲುತ್ತೆ. ನನಗೆ ಎರಡೂ ಬೇಡ. ಬುಕನನ್ ಗೆದ್ದವರ ನೌಕರ. ಹಳೇ ದೊರೆ ಕೆಟ್ಟವನು ಅಂತ ತೋರಿಸಿದರೆ ಅವನ ಯಜಮಾನರಿಗೆ ಅನುಕೂಲ. ವರ್ತಕರಿಗೂ ಹೊಸ ಒಡೆಯರ ಮುಂದೆ ಹಾಗೆ ಹೇಳೋದೇ ಕ್ಷೇಮ. ಆದರೂ ಅದೇ ಪುಸ್ತಕದಲ್ಲಿ ಕಂಪನಿ ಸೈನ್ಯದ ಲೂಟಿಯನ್ನೂ ಅವನು ಮುಚ್ಚಿಡಲಿಲ್ಲ. ಅದಕ್ಕೇ ಅವನ ಮಾತಿಗೆ ಸ್ವಲ್ಪ ತೂಕ ಇದೆ ಅಂತ ನನ್ನ ಅಭಿಪ್ರಾಯ.

ಟಿಪ್ಪುವಿನ ನೀತಿಗೆ ಅವನದೇ ಆದ ತರ್ಕವೂ ಇತ್ತು. ಮಲಬಾರಿನ ಮೆಣಸು, ನಮ್ಮ ಗಂಧ, ಏಲಕ್ಕಿ ಕಂಪನಿಯ ಕೈಗೆ ಅಗ್ಗಕ್ಕೆ ಸೇರಬಾರದು ಅನ್ನೋದು ಅವನ ಲೆಕ್ಕ. ಮಸ್ಕತ್ತಿನಲ್ಲಿ, ಕಚ್ಛದಲ್ಲಿ ಸರ್ಕಾರಿ ಕೋಠಿ ತೆರೆದ. ರೇಷ್ಮೆ ಸಾಕಣೆಗೆ ಒತ್ತು ಕೊಟ್ಟ. ಪ್ರಜೆಗಳು ಸರ್ಕಾರದ ವ್ಯಾಪಾರದಲ್ಲಿ ಹಣ ಹೂಡಬಹುದು, ಚಿಕ್ಕ ಹೂಡಿಕೆದಾರರಿಗೆ ಲಾಭದ ದರ ಹೆಚ್ಚು ಅನ್ನೋ ಯೋಜನೆ ಕೂಡ ಅವನ ವ್ಯಾಪಾರ ನಿಯಮಗಳಲ್ಲಿತ್ತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾದರು. ಆ ದಂಡದ ಭಾರ ಕೊನೆಗೆ ಯಾರ ಮೇಲಾದರೂ ಬೀಳಲೇಬೇಕಿತ್ತು. ಹಾಗಾಗಿ ಪೇಟೆಯನ್ನು ಕೆಡಿಸಿದ್ದು ಟಿಪ್ಪುವಿನ ನಿಷೇಧವೋ ಕಂಪನಿಯ ಯುದ್ಧವೋ ಅಂತ ಕೇಳಿದರೆ, ಎರಡೂ ಅಂತಲೇ ಹೇಳ್ತೀನಿ. ಯುದ್ಧದಲ್ಲಿರೋ ಎರಡು ಸರ್ಕಾರಗಳೂ ವರ್ತಕನನ್ನು ಶತ್ರುವಿನ ಖಜಾನೆ ಅಂತ ನೋಡಿದವು. ವರ್ತಕ ಇದ್ದಿದ್ದು ಇಬ್ಬರ ಮಧ್ಯೆ.

3. ಗೆರೆ ಬಿದ್ದ ಮೇಲೆ

ಈಗ ನಮ್ಮೂರಿಗೆ ಬರೋಣ. 1792ರಲ್ಲಿ ಕೃಷ್ಣಗಿರಿ ಸೇರಿದ ಬಾರಾಮಹಲ್ ಕಂಪನಿಗೆ ಹೋಯಿತು, ಹೊಸೂರು ಟಿಪ್ಪುವಿನ ಹತ್ತಿರವೇ ಉಳಿಯಿತು. ಅಂದರೆ ಏಳು ವರ್ಷ ಗಡಿ ಇದ್ದಿದ್ದು ಹೊಸೂರಿಗೂ ಕೃಷ್ಣಗಿರಿಗೂ ನಡುವೆ. 1799ರಲ್ಲಿ ಹೊಸೂರು, ಡೆಂಕಣಿಕೋಟೆ ಭಾಗವನ್ನೂ ಕಂಪನಿ ತೆಗೆದುಕೊಂಡಿತು. ಆನೇಕಲ್, ಅತ್ತಿಬೆಲೆ ಮೈಸೂರಿನ ಒಡೆಯರ ರಾಜ್ಯಕ್ಕೆ ಸೇರಿದವು. ಹಾಗೆ ಗೆರೆ ಜೂಜುವಾಡಿಯ ಮಗ್ಗುಲಿಗೆ ಬಂತು, ಇವತ್ತಿಗೂ ಹೆಚ್ಚುಕಡಿಮೆ ಅಲ್ಲೇ ಇದೆ. 1956ರಲ್ಲಿ ಭಾಷಾವಾರು ರಾಜ್ಯಗಳಾದಾಗಲೂ ಅದು ಕದಲಲಿಲ್ಲ. ಸೇಲಂ ಜಿಲ್ಲೆ ಒಡೆದು 1965ರಲ್ಲಿ ಧರ್ಮಪುರಿ, ಅದು ಒಡೆದು 2004ರಲ್ಲಿ ಕೃಷ್ಣಗಿರಿ ಆಯಿತು, ಗೆರೆ ಮಾತ್ರ ಹಾಗೇ.

ಗೆರೆಯ ಎರಡೂ ಕಡೆ ಒಳನಾಡಿನ ಸುಂಕ ಇತ್ತು. ಆಗ ಅದರ ಹೆಸರು ಸಾಯರ್. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆ ಅಂತ ಬಸ್ ಸ್ಟಾಪ್ ಇದೆಯಲ್ಲ, ಅಂಥ ಕಟ್ಟೆಗಳ ನೆನಪು ಅದು. ಹೇರು ಇಳಿಸು, ಬಿಚ್ಚಿ ತೋರಿಸು, ಕಟ್ಟು, ಮತ್ತೆ ಹೇರು. ಮುಂದಿನ ಕಟ್ಟೆಯಲ್ಲಿ ಮತ್ತೆ ಅದೇ. ದೂರ ಹೆಚ್ಚಾದಷ್ಟೂ ಸರಕು ದುಬಾರಿ, ಹಾಗಾಗಿ ದೂರದ ವ್ಯಾಪಾರಕ್ಕೇ ಇದರ ಪೆಟ್ಟು ಹೆಚ್ಚು. ಮದರಾಸ್ ಪ್ರಾಂತ್ಯದಲ್ಲಿ ಈ ಸಾಗಣೆ ಸುಂಕ ರದ್ದಾಗಿದ್ದು 1844ರಲ್ಲಿ. ಮಗ್ಗದ ಮೇಲೆ, ಕುಶಲಕರ್ಮಿಗಳ ಮೇಲೆ ಇದ್ದ ಮೊತುರ್ಫಾ ತೆರಿಗೆ ಅದಕ್ಕಿಂತಲೂ ಹೆಚ್ಚು ಕಾಲ ಇತ್ತು. ಅದೇ ಹೊತ್ತಿಗೆ ಇಂಗ್ಲೆಂಡಿನ ಮಿಲ್ ಬಟ್ಟೆ ಕಡಿಮೆ ಸುಂಕಕ್ಕೆ ಒಳಗೆ ಬರ್ತಿತ್ತು. ತನ್ನ ನೇಕಾರನಿಗೆ ತಾನೇ ತೆರಿಗೆ ಹಾಕಿ, ಎದುರಾಳಿಗೆ ಬಾಗಿಲು ತೆರೆದ ಸರ್ಕಾರ ಅದು. ಇತ್ತ ಮೈಸೂರಿನಲ್ಲಿ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ ರದ್ದಾದ ಸಣ್ಣಪುಟ್ಟ ತೆರಿಗೆಗಳ ಸಂಖ್ಯೆ 769 ಅಂತ ಗೆಜೆಟಿಯರ್ ಲೆಕ್ಕ ಕೊಡುತ್ತೆ. ಮದುವೆಗೆ, ಮಗು ಹುಟ್ಟಿದ್ದಕ್ಕೆ, ಹೆಸರಿಟ್ಟಿದ್ದಕ್ಕೆ ಕೂಡ ತೆರಿಗೆ ಇತ್ತು. ಅಷ್ಟು ಬಗೆಯ ತೆರಿಗೆಯಲ್ಲಿ ಖಜಾನೆಗೆ ಸೇರಿದ್ದೆಷ್ಟು, ವಸೂಲಿಗಾರನ ಕೈಯಲ್ಲಿ ಉಳಿದಿದ್ದೆಷ್ಟು ಅಂತ ಯಾರಾದರೂ ಊಹಿಸಬಹುದು.

ನೀತಿ ಅಂದರೆ ತೆರಿಗೆ ಮಾತ್ರ ಅಲ್ಲ, ದಾರಿ ಎಲ್ಲಿ ಹಾಕಿದರು ಅನ್ನೋದೂ ನೀತಿಯೇ. 1864ರಲ್ಲಿ ಬೆಂಗಳೂರಿಗೆ ರೈಲು ಬಂದಿದ್ದು ಜೋಲಾರಪೇಟೆ ಮೂಲಕ. ಹೊಸೂರು ಪಕ್ಕಕ್ಕೆ ಉಳಿಯಿತು. ಮುಂದೆ ಮೊರಪ್ಪೂರಿನಿಂದ ಧರ್ಮಪುರಿ ಮಾರ್ಗವಾಗಿ ಹೊಸೂರಿಗೆ ಒಂದು ಚಿಕ್ಕ ಗೇಜಿನ ರೈಲು ಬಂತು. ಅದನ್ನೂ 1941ರಲ್ಲಿ, ಯುದ್ಧದ ಕಾಲದಲ್ಲಿ, ನಿಲ್ಲಿಸಿಬಿಟ್ಟರು. ಕೇಳೋಕೆ ಯಾರೂ ಬರಲಿಲ್ಲ, ಹೇಳೋಕೆ ಯಾರಿಗೂ ಜಾಗ ಇರಲಿಲ್ಲ.

4. ತೆರೆದಿಟ್ಟಿದ್ದೇ ಕೊಂದಾಗ

ಇಲ್ಲಿಗೆ ಯಾರಾದರೂ ಹೇಳಬಹುದು: ಹಾಗಾದರೆ ಸರ್ಕಾರ ಕೈ ಹಾಕದಿದ್ದರೆ ಆಯ್ತು, ಮಾರುಕಟ್ಟೆ ತಾನೇ ನೋಡಿಕೊಳ್ಳುತ್ತೆ. ಈ ವಾದ ನಮ್ಮ ಸೀಮೆಯಲ್ಲಿ ಒಮ್ಮೆ ಪರೀಕ್ಷೆಗೆ ಒಳಗಾಗಿದೆ, 1876–78ರ ಬರದಲ್ಲಿ. ಮದರಾಸ್ ಸರ್ಕಾರ ಮೊದಲಿಗೆ ಧಾನ್ಯ ಕೊಂಡು ಹಂಚಲು ಹೊರಟಾಗ ವೈಸ್‌ರಾಯ್ ಲಿಟ್ಟನ್‌ನ ಸರ್ಕಾರ ಅದನ್ನು ಒಪ್ಪಲಿಲ್ಲ. ಖಾಸಗಿ ವ್ಯಾಪಾರಕ್ಕೆ ಅಡ್ಡಿ ಆಗಬಾರದು ಅನ್ನೋದು ಅವರ ಸಿದ್ಧಾಂತ. ರಿಚರ್ಡ್ ಟೆಂಪಲ್ ಬಂದು ಪರಿಹಾರ ಕಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯದ ಲೆಕ್ಕಕ್ಕೆ ಇಳಿಸಿದ. ರೈಲು ಇತ್ತು, ವ್ಯಾಪಾರ ಮುಕ್ತವಾಗಿತ್ತು, ದೇಶದಿಂದ ಧಾನ್ಯದ ರಫ್ತೂ ನಡೀತಿತ್ತು. ಕೊಳ್ಳೋಕೆ ಜನರ ಕೈಯಲ್ಲಿ ಕಾಸು ಇರಲಿಲ್ಲ. ಮೈಸೂರು ರಾಜ್ಯದ ಜನಸಂಖ್ಯೆ 1871ರಲ್ಲಿ ಸುಮಾರು 50.5 ಲಕ್ಷ ಇದ್ದದ್ದು 1881ರಲ್ಲಿ 41.9 ಲಕ್ಷಕ್ಕೆ ಇಳಿಯಿತು. ಹೊಸೂರು ಆಗ ಸೇರಿದ್ದ ಸೇಲಂ ಜಿಲ್ಲೆಯೂ ಭೀಕರವಾಗಿ ನಲುಗಿತು.

ಈ ಸಂದರ್ಭವನ್ನು ನಾನು ಬೇಕಂತಲೇ ಮಧ್ಯೆ ಇಟ್ಟಿದ್ದೀನಿ. ನನ್ನ ವಾದ ಸರ್ಕಾರ ಬೇಡ ಅನ್ನೋದಲ್ಲ. ಕೊಳ್ಳುವವರೇ ಸತ್ತುಹೋದ ಊರಲ್ಲಿ ಯಾವ ಸಂತೆ ಕೂಡುತ್ತೆ? ಕೈ ಕಟ್ಟಿ ಕೂರೋದೂ ಒಂದು ನೀತಿ, ಅದಕ್ಕೂ ಲೆಕ್ಕ ಕೊಡಬೇಕು. ಸಿದ್ಧಾಂತ ಮುಖ್ಯವಾಗಿ ಎದುರಿನ ಮನುಷ್ಯ ಕಾಣದೇ ಹೋದಾಗ ಲಿಟ್ಟನ್‌ನ ಸರ್ಕಾರವೂ ಸುಂಕದ ಕಟ್ಟೆಯವನೂ ಒಂದೇ.

5. ಕಂಟ್ರೋಲು ಕಾಲ

ನಮ್ಮಜ್ಜಿ ಕಾಲಮಾನವನ್ನು ಇಸವಿಯಿಂದ ಹೇಳ್ತಿರಲಿಲ್ಲ. ಕಂಟ್ರೋಲು ಕಾಲದಾಗೆ ಅಂತಿದ್ದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತಿತು, 1943ರಲ್ಲಿ ಬಂಗಾಳದ ಕ್ಷಾಮ ಬಂತು, ರೇಷನ್ನು, ಕಡ್ಡಾಯ ಸಂಗ್ರಹಣೆ, ಸಾಗಣೆಗೆ ಪರವಾನಗಿ ಎಲ್ಲ ಶುರುವಾಯಿತು. ಆಗಿನ ಸ್ಥಿತಿಯಲ್ಲಿ ಅದು ಬೇಕಿತ್ತು ಅಂತಲೇ ನಾನು ಒಪ್ಪುತ್ತೀನಿ. ತೊಂದರೆ ಬಂದಿದ್ದು ಮುಂದೆ.

ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ, ಅದೇ ಬರದ ಕೊನೆಯಲ್ಲಿ, ಹುಟ್ಟಿದ ಒಬ್ಬರು ಈ ಕಥೆಯಲ್ಲಿ ಎರಡು ಕಡೆ ಬರ್ತಾರೆ: ರಾಜಾಜಿ. ಮದರಾಸಿನ ಪ್ರಧಾನಿಯಾಗಿದ್ದಾಗ ಅವರು 1937ರಲ್ಲಿ ಪಾನನಿಷೇಧವನ್ನು ತಮ್ಮದೇ ಸೇಲಂ ಜಿಲ್ಲೆಯಿಂದ ಶುರುಮಾಡಿದರು. ಅಬಕಾರಿ ಆದಾಯ ಖೋತಾ ಆಯಿತು. ಅದನ್ನು ತುಂಬಿಕೊಳ್ಳೋಕೆ 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ತಂದರು, ದೇಶದಲ್ಲೇ ಮೊದಲನೆಯದು. ಅದೇ ರಾಜಾಜಿ 1952ರಲ್ಲಿ ಮುಖ್ಯಮಂತ್ರಿಯಾಗಿ ಬಂದು ಆಹಾರದ ಕಂಟ್ರೋಲನ್ನು ತೆಗೆದುಹಾಕಿದರು. ಧಾನ್ಯ ಮಾಯವಾಗುತ್ತೆ ಅಂತ ಬಹಳ ಜನ ಹೆದರಿದ್ದರು, ಹಾಗಾಗಲಿಲ್ಲ. ಬಚ್ಚಿಟ್ಟದ್ದು ಹೊರಗೆ ಬಂತು. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿ ಅವರು ಲೈಸೆನ್ಸು ಪರ್ಮಿಟ್ಟು ರಾಜ್ಯದ ವಿರುದ್ಧ ಮಾತಾಡಿದ್ದು ಎಲ್ಲರಿಗೂ ಗೊತ್ತು. ಮಾರಾಟ ತೆರಿಗೆಯನ್ನೂ ಅವರೇ ತಂದಿದ್ದರು ಅನ್ನೋದು ಅಷ್ಟಾಗಿ ನೆನಪಿರೋಲ್ಲ. ಗಡಿಯ ಚೆಕ್‌ಪೋಸ್ಟಿನ ಬೇರು ಆ ತೆರಿಗೆಯಲ್ಲಿದೆ.

1957ರಲ್ಲಿ ಆಂಧ್ರ, ಮದರಾಸ್, ಮೈಸೂರು, ಕೇರಳ ಸೇರಿಸಿ ಅಕ್ಕಿಗೆ ದಕ್ಷಿಣ ವಲಯ ಮಾಡಿದರು. ವಲಯದ ಒಳಗೆ ಸಾಗಣೆ ಸಲೀಸು. 1964ರಲ್ಲಿ ಅದನ್ನು ಒಡೆದು ಒಂದೊಂದು ರಾಜ್ಯವನ್ನೂ ಒಂದೊಂದು ವಲಯ ಮಾಡಿದರು. ಇದರ ಪರಿಣಾಮ ಅರ್ಥವಾಗೋಕೆ ದೊಡ್ಡ ಅರ್ಥಶಾಸ್ತ್ರ ಬೇಡ. ಗೆರೆಯ ಆಚೆ ಬೆಲೆ ಹೆಚ್ಚು, ಈಚೆ ಕಡಿಮೆ. ದಾರಿ ತೆರೆದಿದ್ದರೆ ಸರಕು ಹರಿದು ಎರಡೂ ಹತ್ತಿರ ಬರುತ್ತೆ. ಮುಚ್ಚಿದರೆ ಬೆಳೆದವನಿಗೆ ಕಡಿಮೆ ಬೆಲೆ, ತಿನ್ನುವವನಿಗೆ ಹೆಚ್ಚು ಬೆಲೆ. ನಡುವಿನ ವ್ಯತ್ಯಾಸ ರಾತ್ರಿ ದಾಟಿಸುವವನ ಕೂಲಿ.

ನಮ್ಮ ತಾತನಿಗೆ ಒಂದು ಜೊತೆ ಎತ್ತು, ಒಂದು ಗಾಡಿ ಇತ್ತು. ಒಂದು ದಿನ ಆನೇಕಲ್ ಕಡೆ ಸಂತೆ, ಇನ್ನೊಂದು ದಿನ ಹೊಸೂರು ಸಂತೆ. ಎರಡೂ ಅವರ ಲೆಕ್ಕಕ್ಕೆ ಒಂದೇ ಊರು. ಅರವತ್ತರ ದಶಕದಲ್ಲಿ ಒಂದು ದಿನ ಗಡಿಯಲ್ಲಿ ಯಾರೋ ತಡೆದು ಎರಡು ಮೂಟೆ ಇಳಿಸಿಕೊಂಡರು. ಹೋದ ವಾರ ಬಿಟ್ಟಿರಲ್ಲ ಸ್ವಾಮಿ ಅಂದರಂತೆ ತಾತ. ಹೋದ ವಾರದ ಆರ್ಡರ್ ಬೇರೆ ಅಂದರಂತೆ ಅವರು. ಆಮೇಲೆ ತಾತ ಧಾನ್ಯ ಹೇರಲಿಲ್ಲ. ಒಂದೆರಡು ವರ್ಷ ಸೌದೆ, ಇಟ್ಟಿಗೆ ಹೊಡೆದರು, ಕೊನೆಗೆ ಎತ್ತು ಮಾರಿದರು. ಇದು ದಾಖಲೆ ಅಲ್ಲ, ಅಜ್ಜಿಯ ಬಾಯಿಮಾತು, ಹಾಗಂತಲೇ ತಗೊಳ್ಳಿ. ಆದರೆ ತಾತ ಎರಡು ಮೂಟೆಗೆ ಸೋತವರಲ್ಲ. ಮುಂದಿನ ವಾರದ ಆರ್ಡರ್ ಏನು ಅಂತ ಗೊತ್ತಿಲ್ಲದ್ದಕ್ಕೆ ಸೋತರು. 1943ರಲ್ಲಿ ಮುಚ್ಚಿ, 1952ರಲ್ಲಿ ಸಡಿಲಿಸಿ, 1957ರಲ್ಲಿ ತೆರೆದು, 1964ರಲ್ಲಿ ಮತ್ತೆ ಮುಚ್ಚಿ, 1977ರಲ್ಲಿ ಮತ್ತೆ ತೆರೆದರು. ಗಾಡಿ ಹೂಡುವವನು ಯಾವುದನ್ನು ನಂಬಬೇಕು?

6. ಗೆರೆಯಿಂದಲೇ ಬಂದ ಲಾಭ

ಅದೇ ಗೆರೆ ಮುಂದೆ ಹೊಸೂರಿಗೆ ಅನ್ನ ಕೊಟ್ಟಿತು. 1971ರಲ್ಲಿ ಹುಟ್ಟಿದ ಸಿಪ್ಕಾಟ್ ಹೊಸೂರಿನಲ್ಲಿ ಕೈಗಾರಿಕಾ ಪ್ರದೇಶ ಮಾಡಿತು. ಬೆಂಗಳೂರಿಗೆ ಹತ್ತಿರ, ರಿಯಾಯಿತಿ ಮಾತ್ರ ತಮಿಳುನಾಡಿನದು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಬಂದವು. ಟೈಟಾನ್ ಅಂತೂ ಟಾಟಾ ಮತ್ತು ತಮಿಳುನಾಡು ಸರ್ಕಾರದ ಟಿಡ್ಕೋ ಕೂಡಿ ಮಾಡಿದ್ದು. ಇದು ಕೂಡ ಸರ್ಕಾರದ ನೀತಿಯೇ, ಆದರೆ ಇಲ್ಲಿ ಮಾತು ಕೊಟ್ಟ ಸರ್ಕಾರ ವರ್ಷಗಟ್ಟಲೆ ಅದನ್ನು ಉಳಿಸಿಕೊಂಡಿತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ವಾಣಿಜ್ಯ ತೆರಿಗೆಯ ಚೆಕ್‌ಪೋಸ್ಟ್ ಹೋಯಿತು. ದೇಶದೊಳಗೆ ವ್ಯಾಪಾರ ಮುಕ್ತ ಅಂತ ಸಂವಿಧಾನದ 301ನೇ ವಿಧಿ 1950ರಿಂದಲೇ ಹೇಳ್ತಾ ಇತ್ತು. ಲಾರಿಗೆ ಅದು ತಲುಪೋಕೆ 67 ವರ್ಷ ಬೇಕಾಯಿತು. ತಾತನ ಗಾಡಿ ಅಷ್ಟು ದಿನ ಕಾಯಲಿಲ್ಲ.

ಚರ್ಚೆಯಿಂದ

ಗೋಷ್ಠಿಯಲ್ಲಿ ಮೇಡಂ ಒಬ್ಬರು ಕೇಳಿದರು: ಟಿಪ್ಪುವಿನ ನಿಷೇಧ, ಆಹಾರ ವಲಯ ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಸರಿಯಾ? ಒಂದು ಯುದ್ಧದ ಅಸ್ತ್ರ, ಇನ್ನೊಂದು ಹಸಿದವರಿಗಾಗಿ ಮಾಡಿದ್ದು. ಪ್ರಶ್ನೆ ನ್ಯಾಯವಾದದ್ದೇ. ಉದ್ದೇಶಗಳನ್ನು ನಾನು ಒಂದು ಮಾಡ್ತಿಲ್ಲ. ಎರಡರಲ್ಲೂ ಸಮಾನವಾದದ್ದು ನಿಯಮ ಬದಲಾಗುವ ರೀತಿ: ಮೇಲಿನಿಂದ, ದಿಢೀರನೆ, ಬಾಧೆಪಡುವವನಿಗೆ ಮೊದಲೇ ತಿಳಿಸದೆ.

ಗೆಳೆಯರೊಬ್ಬರು ಕೇಳಿದ್ದು: ಹಾಗಾದರೆ ಒಳ್ಳೆ ನೀತಿ ಅಂತ ಹೇಗೆ ಗುರುತಿಸೋದು? ನನ್ನ ಹತ್ತಿರ ಸೂತ್ರ ಇಲ್ಲ. ಆದರೆ ಈ ಆಕರಗಳನ್ನು ಓದಿದ ಮೇಲೆ ಯಾವ ಕಾಲದ ಆರ್ಡರ್ ಕಂಡರೂ ಮೂರು ಪ್ರಶ್ನೆ ಹಾಕ್ತೀನಿ. ಇದು ಎಷ್ಟು ದಿನ ಇರುತ್ತೆ ಅಂತ ಹೇಳಿದ್ದಾರಾ? ಇದರಿಂದ ಕೆಟ್ಟವನು ಹೋಗಿ ಹೇಳಿಕೊಳ್ಳೋಕೆ ಜಾಗ ಇದೆಯಾ? ಕೊನೆಗೆ ಭಾರ ಹೊರುವವನು ಯಾರು, ದೊಡ್ಡ ವರ್ತಕನಾ, ಒಂದು ಜೊತೆ ಎತ್ತಿನವನಾ? ಎರಡನೇ ಪ್ರಶ್ನೆಗೆ ಇಲ್ಲ ಅನ್ನೋ ಉತ್ತರ ಬಂದ ಕಡೆಯಲ್ಲೆಲ್ಲ ಸಂತೆ ಬಡವಾಗಿದ್ದನ್ನೇ ನಾನು ಕಂಡಿದ್ದು. ನಮ್ಮಜ್ಜಿಯ ಗಾದೆ ಅಷ್ಟನ್ನೇ ಹೇಳ್ತಿತ್ತು.